ಪಟ ಹಿಡೀರಿ, ಹಕ್ಕಿ ಎಬ್ಬಿಸಬ್ಯಾಡಿ!

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ವರ್ಷ ವರ್ಷ ಎರಡು ಬಗೆಯ ನೆಂಟರು ಬರುತ್ತಾರೆ. ಹುಣಿಸೆ ಮರದಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮೊದಲನೆಯವರು. ಕುತ್ತಿಗೆಗೆ ಕ್ಯಾಮೆರಾ ನೇತು ಹಾಕಿಕೊಂಡು ಭಾನುವಾರ ಬೆಳಿಗ್ಗೆ ಬಂದಿಳಿಯುವ ಹೊಸ ಫೋಟೋಗ್ರಾಫರುಗಳು ಎರಡನೆಯವರು. ಮೊದಲನೆಯವರ ನಡತೆ ಊರಿಗೆ ಗೊತ್ತು. ಎರಡನೆಯವರಲ್ಲಿ ಕೆಲವರು ಇನ್ನೂ ಕಲಿಯಬೇಕು.

ಹಾರುವ ಹಕ್ಕಿಯ ಪಟ ಬೇಕೆಂದು ಚಪ್ಪಾಳೆ ತಟ್ಟುವುದು, ಮರಕ್ಕೆ ಕಲ್ಲು ಬೀರುವುದು ಯಾವ ಕಲೆ ಸ್ವಾಮಿ? ಬಿಸಿಲೇರಿದರೆ ತಾಯಿ ಕೊಕ್ಕರೆ ರೆಕ್ಕೆ ಬಿಚ್ಚಿ ಮರಿಗಳಿಗೆ ಕೊಡೆ ಹಿಡಿದು ನಿಲ್ಲುತ್ತದೆ. ಅದು ಎದ್ದು ಹೋದರೆ ಮರಿ ಬಿಸಿಲಲ್ಲಿ ಬೇಯುತ್ತದೆ, ಮೊಟ್ಟೆ ಕಾಗೆಯ ಪಾಲಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಹಕ್ಕಿಯ ಗೂಡು, ಮೊಟ್ಟೆಗೆ ಕಿರುಕುಳ ಕೊಡುವುದೂ ಬೇಟೆಯ ಲೆಕ್ಕವೇ. ಕೋವಿ ಬೇಕಿಲ್ಲ, ಕ್ಯಾಮೆರಾ ಸಾಕು!

ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಕಾಣುತ್ತಾರೆ. ಗೂಡಿರುವ ಮರದ ಹುಣಿಸೆಹಣ್ಣಿನ ಆಸೆ ಬಿಟ್ಟವರೂ ಇದ್ದಾರೆ. ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂದಿದೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿದ ಹೆಜ್ಜಾರ್ಲೆ ಬಳಗ ಇದೇ ಊರಿನದು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಿತು. ಇಂಥವರ ಹಿತ್ತಿಲಲ್ಲಿ ನಿಂತು ಗಲಾಟೆ ಮಾಡುವುದು ಮರ್ಯಾದೆಯೆ?

ಅಷ್ಟಕ್ಕೂ ಹಕ್ಕಿಯನ್ನು ಎಬ್ಬಿಸುವ ಅಗತ್ಯವೇ ಇಲ್ಲ. ಕಡ್ಡಿ ತರಲು, ಮೀನು ತರಲು ಅದು ದಿನವಿಡೀ ಹೋಗಿ ಬರುತ್ತಲೇ ಇರುತ್ತದೆ. ದೊಡ್ಡ ಹಕ್ಕಿ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಇಳಿಯುತ್ತದೆ. ಗಾಳಿ ಎತ್ತಲಿಂದ ಬೀಸುತ್ತಿದೆ ನೋಡಿ, ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ದೂರದಲ್ಲಿ ಕಾದು ನಿಂತರೆ ಪಟ ತಾನಾಗಿ ಬರುತ್ತದೆ. ಬೆಳಿಗ್ಗೆ ಸೂರ್ಯ ಹುಟ್ಟಿದ ಮೊದಲ ಗಂಟೆಯ ಬೆಳಕು ಮೆದು; ಹನ್ನೆರಡರ ಬಿಸಿಲಲ್ಲಿ ಬಿಳಿ ಗರಿ ಸುಣ್ಣ ಬಳಿದ ಗೋಡೆ. ಹಾರುವ ಹಕ್ಕಿಗೆ ಷಟರ್ ಸೆಕೆಂಡಿನ ಸಾವಿರದ ಒಂದು ಭಾಗವಾದರೂ ಇರಲಿ. ಹಿಂದೆ ಬರೀ ಆಕಾಶವಿದ್ದರೆ ಕ್ಯಾಮೆರಾ ಮೋಸ ಹೋಗಿ ಹಕ್ಕಿಯನ್ನು ಕಪ್ಪಗೆ ಮಾಡುತ್ತದೆ. ಆಗ ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಬೇಕು. ಫೋಕಸ್ ಕಣ್ಣಿನ ಮೇಲಿರಬೇಕು.

ಇನ್ನು ಮನೆಗೆ ಬಂದ ಮೇಲೆ ಕಂಪ್ಯೂಟರಿನ ಕೆಲಸ. ಟಚಪ್ ಹೊಸದೇನಲ್ಲ. ಹಿಂದೆ ಡಾರ್ಕ್ ರೂಮಿನಲ್ಲಿ ಕೈ ಅಡ್ಡ ಹಿಡಿದು ಒಂದು ಕಡೆ ಬೆಳಕು ತಗ್ಗಿಸುತ್ತಿದ್ದರು, ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುತ್ತಿದ್ದರು. ಓರೆಯಾದದ್ದನ್ನು ನೇರ ಮಾಡಿ, ಬೇಡದ ಅಂಚು ಕತ್ತರಿಸಿ, ನೆರಳನ್ನು ಚೂರು ತೆರೆದರೆ ತಪ್ಪಿಲ್ಲ. ಆದರೆ ಬಣ್ಣದ ಕೊಕ್ಕರೆಯ ಬಾಲದ ಬಳಿಯ ತಿಳಿ ಗುಲಾಬಿ ಗರಿಯನ್ನು ಕುಂಕುಮದ ಡಬ್ಬಿಯಲ್ಲಿ ಅದ್ದಿ ತೆಗೆದಂತೆ ಮಾಡುವುದು, ಅಡ್ಡ ಬಂದ ಕೊಂಬೆ ಅಳಿಸುವುದು, ಇಲ್ಲದ ಚಂದ್ರನನ್ನು ತಂದಿಡುವುದು ಬೇರೆ ಮಾತು. ನಿಸರ್ಗ ವಿಭಾಗದಲ್ಲಿ ಹೀಗೆ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ, ಅಂಚು ಕತ್ತರಿಸಬಹುದು ಅಷ್ಟೇ ಎಂದು ಅಂತರರಾಷ್ಟ್ರೀಯ ಫೋಟೋಗ್ರಫಿ ಸಂಸ್ಥೆಗಳು 2014ರಲ್ಲೇ ಒಪ್ಪಿಕೊಂಡಿವೆ. ಎಲ್ಲಕ್ಕೂ ಮೊದಲ ಮಾತು: ಪಟಕ್ಕಿಂತ ಜೀವದ ಕ್ಷೇಮ ದೊಡ್ಡದು.

ಕಂಪ್ಯೂಟರಿನಲ್ಲಿ ಮಂಕು ಬೆಳಕನ್ನು ತಿದ್ದಬಹುದು. ತಾಯಿ ಬಿಟ್ಟು ಹೋದ ಗೂಡನ್ನು ತಿದ್ದಲು ಯಾವ ಗುಂಡಿಯೂ ಇಲ್ಲ. ಕ್ಯಾಮೆರಾ ಎತ್ತುವ ಮುಂಚೆ ಊರ ಮುದುಕಿಯೊಬ್ಬಳು ಪಕ್ಕದಲ್ಲೇ ನಿಂತು ಗದರಿದಳು ಅಂತ ಅಂದುಕೊಂಡರೂ ಸಾಕು: "ಯಾಕಪ್ಪಾ ಎಬ್ಬುಸ್ತೀಯ? ಒಸಿ ತಡ್ಕೊ, ಅದೇ ಹಾರ್ತದೆ."