ಹೆಡ್‌ಲೈಟ್ ಫೋಕಸ್: ಎದುರು ಬರುವವರ ಕಣ್ಣಿಗಾಗಿ ಅರ್ಧ ಗಂಟೆ

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾತ್ರಿ ಹೋಗುವವರಿಗೆ ಎದುರು ಸಾಲಿನ ಲಾರಿಗಳ ಬೆಳಕು ಅಷ್ಟಾಗಿ ಕಾಡುವುದಿಲ್ಲ. ನಡುವೆ ಡಿವೈಡರ್ ಇದೆ, ಅದರ ಮೇಲೆ ಕಣಗಿಲೆ ಗಿಡಗಳಿವೆ. ಅವನ್ನು ಚೆಂದಕ್ಕೆ ನೆಟ್ಟಿದ್ದಾರೆ ಎಂದುಕೊಂಡವರು ಬಹಳ ಮಂದಿ. ಎದುರಿನ ಹೆಡ್‌ಲೈಟಿನ ಬೆಳಕನ್ನು ಮರೆಮಾಡುವುದೂ ಅವುಗಳ ಕೆಲಸವೇ. ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟು ಮಾರಿಕಣಿವೆಯ ಕಡೆಗೆ, ಹೊಸದುರ್ಗದ ಕಡೆಗೆ ತಿರುಗಿದಿರೋ, ಆ ಮರೆ ಮುಗಿಯಿತು. ಹೊಸದುರ್ಗ–ಹೊಳಲ್ಕೆರೆ ನಡುವೆಯೂ ಇದೇ ಕತೆ. ಒಂದೇ ಡಾಂಬರು ಪಟ್ಟಿಯ ಮೇಲೆ ತೆಂಗಿನಕಾಯಿ ಹೇರಿದ ಟೆಂಪೊ, ಹಾಲಿನ ಕ್ಯಾನ್ ಕಟ್ಟಿದ ಬೈಕು, ಮೆಕ್ಕೆಜೋಳದ ಟ್ರಾಕ್ಟರು, ಅದಿರಿನ ಲಾರಿ ಎಲ್ಲವೂ ಮುಖಾಮುಖಿ. ಈ ದಾರಿಗಳಲ್ಲಿ ಎದುರಿನವರ ಕಣ್ಣು ಕಾಯುವುದು ಪ್ರತಿ ವಾಹನದ ಹೆಡ್‌ಲೈಟ್ ಡೂಮಿನ ಹಿಂದಿರುವ ಒಂದು ಸ್ಕ್ರೂ. ಅದು ಅಲ್ಲಿದೆ ಎಂಬುದೇ ಬಹುಪಾಲು ಮಾಲೀಕರಿಗೆ ತಿಳಿದಿಲ್ಲ.

1933ರ ನಂತರ ಮತ್ತೆ 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನೀರು ನೋಡಲು ಜನ ಮುಗಿಬಿದ್ದರು. ಈಗಲೂ ರಜಾದಿನ ಅಣೆಕಟ್ಟೆಗೆ, ಕಣಿವೆ ಮಾರಮ್ಮನ ಗುಡಿಗೆ ಬಂದವರು ಹೊತ್ತು ಮುಳುಗಿದ ಮೇಲೇ ಊರು ಹಿಡಿಯುವುದು. ಕಾರಿನ ಹಿಂದಿನ ಸೀಟು ತುಂಬಿರುತ್ತದೆ, ಡಿಕ್ಕಿಯೂ ತುಂಬಿರುತ್ತದೆ. ಹಿಂದೆ ಭಾರ ಕೂತಷ್ಟೂ ಮೂತಿ ಮೇಲೇಳುತ್ತದೆ, ಮೂತಿಯ ಜೊತೆಗೆ ಬೆಳಕೂ ಮೇಲೇಳುತ್ತದೆ. ಡ್ರೈವರ್ ಡಿಮ್‌ನಲ್ಲೇ ಇರುತ್ತಾನೆ. ಆದರೂ ಎದುರಿನವರು ಡಿಮ್-ಡಿಪ್ ಹೊಡೆದು ಬೈದುಕೊಂಡು ಹೋಗುತ್ತಾರೆ. ಇಬ್ಬರ ಸಿಟ್ಟಿಗೂ ಕಾರಣವಿದೆ, ತಪ್ಪಿರುವುದು ಫೋಕಸ್‌ನಲ್ಲಿ.

ಕಣ್ಣು ಕುಕ್ಕುವ ಬೆಳಕಿನ ವಿರುದ್ಧ ಕರ್ನಾಟಕ ಪೊಲೀಸರು 2024ರ ಜುಲೈ 1ರಿಂದ ರಾಜ್ಯದಾದ್ಯಂತ ಕೇಸು ಹಾಕತೊಡಗಿದರು. ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಹೊರಡಿಸಿದ ಸೂಚನೆ ಅದು. ಗುರಿ ಇದ್ದದ್ದು ಆಮೇಲೆ ಹಾಕಿಸಿಕೊಂಡ ಪ್ರಖರ ಎಲ್‌ಇಡಿ ದೀಪಗಳ ಮೇಲೆ, ಹೈ ಬೀಮ್ ಇಳಿಸದವರ ಮೇಲೆ. ಅಸ್ತ್ರ ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್. ಅದು ಆಗಬೇಕಾದ ಕೆಲಸವೇ. ಆದರೆ ಕಂಪನಿ ಕೊಟ್ಟ ಬಲ್ಬನ್ನೇ ಇಟ್ಟುಕೊಂಡು, ಡಿಮ್‌ನಲ್ಲೇ ಓಡಿಸಿಯೂ ಎದುರಿನವರ ಕಣ್ಣಿಗೆ ಕತ್ತಲೆ ಕಟ್ಟಿಸುವವರನ್ನು ಯಾವ ಪೊಲೀಸರೂ ನಿಲ್ಲಿಸಿ ಹಿಡಿಯಲಾರರು. ಆ ತಿದ್ದುಪಡಿ ಮನೆಯಂಗಳದಲ್ಲೇ ಆಗಬೇಕು.

ಕಾನೂನು ಈ ವಿಷಯದಲ್ಲಿ ಅಚ್ಚರಿ ಹುಟ್ಟಿಸುವಷ್ಟು ಸ್ಪಷ್ಟವಾಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ ಮುಂದಿನ ದೀಪದ ಬೆಳಕು ಕೆಳಮುಖವಾಗಿರಬೇಕು. ಎಷ್ಟು ಎಂದರೆ, ದೀಪದಿಂದ 8 ಮೀಟರ್ ಮುಂದೆ, ದೀಪದ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಅದು ಕುಕ್ಕಬಾರದು. ಐದು ಅಡಿ ಮೂರಿಂಚು ಎತ್ತರದವರು ನೆಟ್ಟಗೆ ನಿಂತರೆ ಕಣ್ಣು ಬರುವುದು ಸರಿಸುಮಾರು ಆ ಮಟ್ಟಕ್ಕೇ. ಹೀಗಾಗಿ ಈ ಪರೀಕ್ಷೆಗೆ ಯಂತ್ರ ಬೇಡ. ಮನೆಯವರೊಬ್ಬರನ್ನು ಆ ಜಾಗದಲ್ಲಿ ನಿಲ್ಲಿಸಿ, ಲೋ ಬೀಮ್ ಹಾಕಿ, ‘ಕಣ್ಣಿಗೆ ಹೊಡೀತಿದೆಯಾ?’ ಎಂದು ಕೇಳಿದರೆ ಸಾಕು.

ಇಷ್ಟು ಒಳ್ಳೆಯ ನಿಯಮವಿದ್ದೂ ಪರೀಕ್ಷಿಸುವವರಿಲ್ಲ. ಲಾರಿ, ಬಸ್ಸು, ಟ್ಯಾಕ್ಸಿಗಳಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷವೂ ಎಫ್‌ಸಿ ಆಗಬೇಕು. ಸ್ವಂತದ ಕಾರು, ಬೈಕು ಹಾಗಲ್ಲ. ಕೆಎ-16 ಪ್ಲೇಟು ಬಿದ್ದ ದಿನದಿಂದ 15 ವರ್ಷ ತುಂಬುವವರೆಗೆ ಅವುಗಳ ಹೆಡ್‌ಲೈಟ್ ಎತ್ತ ನೋಡುತ್ತಿದೆ ಎಂದು ಯಾವ ಕಚೇರಿಯೂ ಕೇಳುವುದಿಲ್ಲ. ಆ 15 ವರ್ಷದಲ್ಲಿ ಗುಂಡಿಗಳಿಗೆ ಬಿದ್ದು ಡೂಮ್ ಅಲುಗುತ್ತದೆ, ಹಿಂದಿನ ಸ್ಪ್ರಿಂಗ್ ಕುಸಿಯುತ್ತದೆ, ಬಂಪರ್ ತಾಗಿ ಬೇರೆ ಡೂಮ್ ಕೂರುತ್ತದೆ, ಹೊಸ ಬಲ್ಬು ತನ್ನ ಜಾಗದಲ್ಲಿ ಸರಿಯಾಗಿ ಕೂರದೆ ಉಳಿಯುತ್ತದೆ. ಶೋರೂಮಿನಿಂದ ಬಂದ ದಿನವೇ ಎಲ್ಲವೂ ಸರಿ ಇರುತ್ತದೆ ಎಂದೂ ಇಲ್ಲ. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 2016ರಲ್ಲಿ 31 ಮಧ್ಯಮ ಗಾತ್ರದ ಕಾರುಗಳ ಹೆಡ್‌ಲೈಟುಗಳನ್ನು ಮೊದಲ ಬಾರಿಗೆ ಅಳೆದಾಗ ‘ಉತ್ತಮ’ ಎನಿಸಿಕೊಂಡದ್ದು ಒಂದೇ ಮಾದರಿ.

ಮೇಲು ಕೆಳಗಿನ ಲೆಕ್ಕ ಸರಳ. ಲೋ ಬೀಮಿನ ಮೇಲಂಚು ಪ್ರತಿ 10 ಮೀಟರಿಗೆ 10 ಸೆಂಟಿಮೀಟರಿನಷ್ಟು ಇಳಿಯುತ್ತ ಹೋಗಬೇಕು, ಅಂದರೆ ಶೇಕಡಾ ಒಂದು. ಹಲವು ಕಾರುಗಳಲ್ಲಿ ಡೂಮಿನ ಮೇಲೋ ಬಾನೆಟ್ ಒಳಗಿನ ಚೀಟಿಯಲ್ಲೋ ಈ ಅಂಕಿಯನ್ನು 1.0%, 1.2% ಎಂದು ಮುದ್ರಿಸಿರುತ್ತಾರೆ; ಅದಿದ್ದರೆ ಅದೇ ಪ್ರಮಾಣ. ದೀಪ ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಶೇಕಡಾ ಒಂದರ ಇಳಿತದಲ್ಲಿ ಬೆಳಕು 65 ಮೀಟರ್ ದೂರ ಹೋಗಿ ನೆಲ ಮುಟ್ಟುತ್ತದೆ. ಎದುರಿನವರಿಗೆ ತೊಂದರೆ ಬೇಡ ಎಂದು ಪೂರಾ ಇಳಿಸಿ ಶೇಕಡಾ ನಾಲ್ಕಕ್ಕೆ ತಂದರೆ ಬೆಳಕು 16 ಮೀಟರಿಗೇ ಮುಗಿಯುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಅದು ಒಂದೇ ಸೆಕೆಂಡಿನ ದಾರಿ. ರಿಫ್ಲೆಕ್ಟರ್ ಇಲ್ಲದ ಟ್ರೇಲರ್ ಮುಂದೆ ನಿಂತಿದ್ದರೆ ಬ್ರೇಕ್ ತುಳಿಯುವ ಹೊತ್ತೂ ಸಿಗುವುದಿಲ್ಲ. ಫೋಕಸ್ ಸರಿಮಾಡುವುದೆಂದರೆ ಬರೀ ತಗ್ಗಿಸುವುದಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ.

ಈಗ ಅಂಗಳಕ್ಕೆ ಬರೋಣ. ಬೇಕಾದದ್ದು ಬಿಳಿ ಗೋಡೆ, ಸಮತಟ್ಟಾದ ನೆಲ, ಸೀಮೆಸುಣ್ಣ, ಟೇಪು, ಉದ್ದನೆಯ ಸ್ಟಾರ್ ಸ್ಕ್ರೂಡ್ರೈವರ್. ಕಷ್ಟವಿರುವುದು ನೆಲದ್ದು. ನಮ್ಮ ಮನೆಗಳ ಮುಂದಿನ ಜಾಗಕ್ಕೆ ಮಳೆನೀರು ಬೀದಿಗೆ ಹರಿಯಲೆಂದು ಇಳಿಜಾರು ಕೊಟ್ಟಿರುತ್ತೇವೆ. ಇಳಿಜಾರು ಗೋಡೆಯ ಬುಡದವರೆಗೂ ಒಂದೇ ಸಮನಾಗಿದ್ದರೆ ಅಡ್ಡಿಯಿಲ್ಲ; ಗಾಡಿ ನಿಂತ ಕಡೆ ಒಂದು ವಾಟ, ಗೋಡೆಯ ಹತ್ತಿರ ಇನ್ನೊಂದು ವಾಟ ಇದ್ದರೆ ಲೆಕ್ಕವೆಲ್ಲ ಕೆಡುತ್ತದೆ. ಹೊಳಲ್ಕೆರೆ, ಭೀಮಸಮುದ್ರದ ಸುತ್ತ ಅಡಿಕೆ ಒಣಗಿಸಲು ಹಾಕಿಸಿದ ಕಾಂಕ್ರೀಟ್ ಕಣಗಳಿವೆ. ಗೋಡೆಯೊಂದು ಪಕ್ಕದಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಟೈರುಗಳಿಗೆ ಸರಿಯಾದ ಗಾಳಿ ಇರಲಿ, ಡಿಕ್ಕಿ ಖಾಲಿ ಇರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಎಂದು ಬರೆದ ಚಿಕ್ಕ ತಿರುಗಣೆ ಇದ್ದರೆ ಅದನ್ನು ಸೊನ್ನೆಗೆ ತನ್ನಿ. ಕಾರನ್ನು ಗೋಡೆಗೆ ತಾಗಿಸುವಷ್ಟು ಹತ್ತಿರ, ನೇರವಾಗಿ ನಿಲ್ಲಿಸಿ. ಎರಡೂ ದೀಪಗಳ ನಡುಬಿಂದು ಗೋಡೆಯ ಮೇಲೆ ಎಲ್ಲಿ ಬರುತ್ತದೋ ಅಲ್ಲಿ ಗುರುತು ಹಾಕಿ, ಪ್ರತಿ ಗುರುತಿಗೂ ಒಂದು ನಿಂತ ಗೆರೆ, ಎರಡನ್ನೂ ಸೇರಿಸಿ ಒಂದು ಅಡ್ಡಗೆರೆ ಎಳೆಯಿರಿ. ಸ್ಟೇರಿಂಗ್ ಅಲುಗಿಸದೆ ಐದು ಮೀಟರ್ ಹಿಂದಕ್ಕೆ ಬನ್ನಿ. ಐದು ಮೀಟರಿಗೆ ಶೇಕಡಾ ಒಂದು ಎಂದರೆ 5 ಸೆಂಟಿಮೀಟರ್. ಮೊದಲ ಅಡ್ಡಗೆರೆಯಿಂದ ಅಷ್ಟು ಕೆಳಗೆ ಎರಡನೆಯದನ್ನು ಎಳೆಯಿರಿ. ಕತ್ತಲಾದ ಮೇಲೆ ಲೋ ಬೀಮ್ ಹಾಕಿ, ಒಂದು ದೀಪಕ್ಕೆ ಬಟ್ಟೆ ಅಡ್ಡ ಹಿಡಿಯಿರಿ. ಬಟ್ಟೆಯನ್ನು ಹೊದಿಸಿಯೇ ಬಿಡಬೇಡಿ, ಹ್ಯಾಲೋಜನ್ ಶಾಖಕ್ಕೆ ಪ್ಲಾಸ್ಟಿಕ್ ಗಾಜು ಹಾಳಾಗುತ್ತದೆ.

ಗೋಡೆಯ ಮೇಲೆ ಈಗ ಕಾಣುವುದನ್ನು ಗಮನವಿಟ್ಟು ನೋಡಬೇಕು. ಬೆಳಕಿನ ಮೇಲಂಚು ಬಲಗಡೆಗೆ ಚಪ್ಪಟೆಯಾಗಿರುತ್ತದೆ, ನಡುವಿನಲ್ಲೊಂದು ಮುರಿವು, ಅಲ್ಲಿಂದ ಎಡಕ್ಕೆ ಅಂಚು ಓರೆಯಾಗಿ ಮೇಲೇರುತ್ತದೆ. ನಾವು ಎಡಗಡೆ ಓಡಿಸುವವರು. ಬಲಕ್ಕೆ ಎದುರು ವಾಹನ ಬರುತ್ತದೆ, ಅಲ್ಲಿ ಬೆಳಕು ತಲೆ ತಗ್ಗಿಸುತ್ತದೆ. ಎಡಕ್ಕೆ ನಡೆದು ಹೋಗುವವರು, ದನ, ಮೈಲುಗಲ್ಲು ಇರುತ್ತವೆ, ಅತ್ತ ಬೆಳಕು ತಲೆ ಎತ್ತುತ್ತದೆ. ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿದರೆ (ಗಾಜಿಗೆ ಬೆರಳು ತಾಗಿಸದೆ) ಒಳಗಿನ ಎರಡು ತಂತಿಗಳಲ್ಲಿ ಒಂದರ ಕೆಳಗೆ ಪುಟ್ಟ ಲೋಹದ ತಗಡು ಬಟ್ಟಲಿನಂತೆ ಬಾಗಿರುವುದು ಕಾಣುತ್ತದೆ. ಬೆಳಕಿನ ಕೆಳಭಾಗವನ್ನು ಮರೆಮಾಡಿ ಗೋಡೆಯ ಮೇಲೆ ಆ ಅಂಚನ್ನು ಮೂಡಿಸುವುದು ಅದೇ ತಗಡು.

ಚಪ್ಪಟೆ ಅಂಚು ಎರಡನೇ ಅಡ್ಡಗೆರೆಯ ಮೇಲೆ ಕೂರಬೇಕು, ಮುರಿವು ನಿಂತ ಗೆರೆಯ ಮೇಲೆ ಬರಬೇಕು. ಬಾನೆಟ್ ಎತ್ತಿ ಡೂಮಿನ ಹಿಂದೆ ನೋಡಿದರೆ ಸಾಮಾನ್ಯವಾಗಿ ಎರಡು ಸ್ಕ್ರೂ ಸಿಗುತ್ತವೆ, ಒಂದು ಮೇಲೆ-ಕೆಳಗೆ, ಇನ್ನೊಂದು ಎಡ-ಬಲ. ಯಾವ ಕಡೆ ತಿರುಗಿಸಿದರೆ ಏರುತ್ತದೆ ಎಂಬುದು ಕಾರಿನಿಂದ ಕಾರಿಗೆ ಬೇರೆ. ಕಾಲು ಸುತ್ತು ತಿರುಗಿಸಿ ಗೋಡೆ ನೋಡಿ, ಮತ್ತೆ ಕಾಲು ಸುತ್ತು. ಒಳಗಿನ ಹಲ್ಲುಗಳು ಪ್ಲಾಸ್ಟಿಕ್ಕಿನವು, ಬಿಗಿ ಅನಿಸಿದರೆ ಬಲ ಹಾಕಬಾರದು. ಡಿಮ್ ಸರಿಯಾದರೆ ಒಂದೇ ಡೂಮಿನಲ್ಲಿರುವ ಹೈ ಬೀಮ್ ತಾನಾಗಿ ಸರಿಹೋಗುತ್ತದೆ.

ಬೈಕುಗಳದ್ದು ಇನ್ನೂ ಸುಲಭ, ಇನ್ನೂ ಮುಖ್ಯ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ. ಹೆಡ್‌ಲೈಟ್ ಕೆಳಗಿನ ಬೋಲ್ಟೋ ಸ್ಕ್ರೂವೋ ಸಡಿಲಿಸಿ ಬಾಗಿಸಿದರಾಯಿತು. ಆದರೆ ಸ್ಟ್ಯಾಂಡ್ ಹಾಕಿ ಫೋಕಸ್ ನೋಡಬಾರದು. ದಿನವೂ ಹೋಗುವಷ್ಟು ಭಾರ ಹೇರಿಕೊಂಡು, ಎರಡೂ ಚಕ್ರ ನೆಲದ ಮೇಲಿಟ್ಟು ನೋಡಬೇಕು. ಬೈಕಿನ ಎರಡು ಗಾಲಿಗಳ ನಡುವಿನ ಅಂತರ ಸುಮಾರು ಒಂದೂಕಾಲು ಮೀಟರ್. ಹೆಂಡತಿ ಮಕ್ಕಳು ಕೂತು ಹಿಂಭಾಗ ಬರೀ 3 ಸೆಂಟಿಮೀಟರ್ ಕುಸಿದರೂ ಬೆಳಕು ಶೇಕಡಾ ಎರಡಕ್ಕಿಂತ ಹೆಚ್ಚು ಮೇಲೇಳುತ್ತದೆ. ಕೊಟ್ಟ ಶೇಕಡಾ ಒಂದರ ಇಳಿತ ಅಲ್ಲೇ ಹೋಯಿತು. ಕಾರಿನಲ್ಲೂ ಹೀಗೇ: ಹಿಂಭಾಗ 5 ಸೆಂಟಿಮೀಟರ್ ಕೂತರೆ 50 ಮೀಟರ್ ದೂರದಲ್ಲಿ ಬೆಳಕಿನ ಅಂಚು ನೆಲದಿಂದ ಮೀಟರಿಗೂ ಮೇಲಿರುತ್ತದೆ, ಎದುರು ಕಾರಿನವರ ಕಣ್ಣಿನ ಮಟ್ಟಕ್ಕೆ. ಆ 0-1-2-3 ತಿರುಗಣೆ ಇರುವುದು ಇದಕ್ಕೇ. ಜನ, ಲಗೇಜು ತುಂಬಿದಾಗ 2ಕ್ಕೋ 3ಕ್ಕೋ ತಿರುಗಿಸಿ, ಇಳಿಸಿದ ಮೇಲೆ ಸೊನ್ನೆಗೆ ತರಬೇಕು.

ಟ್ರಾಕ್ಟರುಗಳ ಬಗ್ಗೆ ಒಂದು ಮಾತು. ರಾತ್ರಿ ಉಳುಮೆಗೆಂದು ಮಡ್‌ಗಾರ್ಡ್ ಮೇಲೆ ಹಿಂದಕ್ಕೆ ಮುಖ ಮಾಡಿದ ಬಿಳಿ ಲೈಟು ಇರುತ್ತದೆ. ಹೊಲದಿಂದ ರಸ್ತೆಗೆ ಹತ್ತುವಾಗ ಅದನ್ನು ಆರಿಸದಿದ್ದರೆ ಹಿಂದೆ ಬರುವವನಿಗೆ ಎದುರಿನಿಂದ ಗಾಡಿ ಬರುತ್ತಿದೆ ಎನಿಸುತ್ತದೆ. ಇದನ್ನು ತಡೆಯಲು ಸ್ಕ್ರೂ ಕೂಡ ಬೇಡ.

ಹ್ಯಾಲೋಜನ್ ಡೂಮಿಗೆ ಎಲ್‌ಇಡಿ ಬಲ್ಬು ತುರುಕಿಸಿದವರಿಗೆ ಗೋಡೆಯ ಪರೀಕ್ಷೆ ಬೇರೆಯದೇ ಉತ್ತರ ಕೊಡುತ್ತದೆ. ಡೂಮಿನ ಒಳಗಿನ ಕನ್ನಡಿ ತಂತಿಯ ಜಾಗಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸಿದ್ದು. ಬೆಳಕು ಹುಟ್ಟುವ ಜಾಗ ಸ್ವಲ್ಪ ಸರಿದರೂ ಅಂಚು ಕದಡಿ ಗೋಡೆಯ ತುಂಬ ಬಿಳುಪು ಚೆಲ್ಲುತ್ತದೆ. ಕೂರಿಸಲು ಅಂಚೇ ಇಲ್ಲದ ಮೇಲೆ ಸ್ಕ್ರೂ ಏನು ಮಾಡೀತು? ಆ ಬಲ್ಬು ತೆಗೆಸಬೇಕು, ಬೇರೆ ದಾರಿಯಿಲ್ಲ.

ಜರ್ಮನಿಯಲ್ಲಿ 1956ರಿಂದ ಪ್ರತಿ ಅಕ್ಟೋಬರಿನಲ್ಲಿ ಗ್ಯಾರೇಜುಗಳು ವಾಹನಗಳ ದೀಪಗಳನ್ನು ಪುಕ್ಕಟೆಯಾಗಿ ಪರೀಕ್ಷಿಸಿ ಗಾಜಿಗೊಂದು ಚೀಟಿ ಅಂಟಿಸುತ್ತ ಬಂದಿವೆ. ನಮ್ಮಲ್ಲಿ ಅಷ್ಟು ದೊಡ್ಡ ಏರ್ಪಾಡಿಗೆ ಕಾಯಬೇಕಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಪೆಟ್ರೋಲ್ ಬಂಕುಗಳಲ್ಲಿ ಗಾಳಿ ಹಿಡಿಯುವ ಜಾಗವಿದೆ, ಹಿಂದೆ ಕಾಂಪೌಂಡ್ ಗೋಡೆಯಿದೆ, ನೆಲಕ್ಕೆ ಕಾಂಕ್ರೀಟ್ ಇದೆ. ಗೋಡೆಗೆ ಬಿಳಿ ಬಳಿದು, ನೆಲದಿಂದ 60 ಸೆಂಟಿಮೀಟರಿನಿಂದ ಒಂದು ಮೀಟರಿನವರೆಗೆ ಐದೈದು ಸೆಂಟಿಮೀಟರಿಗೊಂದು ಕಪ್ಪು ಗೆರೆ ಎಳೆದು, ಐದು ಮೀಟರ್ ದೂರದಲ್ಲಿ ನೆಲದ ಮೇಲೆ ಒಂದು ಹಳದಿ ಪಟ್ಟಿ ಹಾಕಿಸಿದರೆ ಸಾಕು. ಸಂಜೆ ಗಾಳಿ ಹಾಕಿಸಲು ಬಂದವರು ಹಳದಿ ಪಟ್ಟಿಯ ಮೇಲೆ ದೀಪ ಬರುವಂತೆ ನಿಲ್ಲಿಸಿ, ಬೆಳಕಿನ ಅಂಚು ತಮ್ಮ ದೀಪದ ಎತ್ತರಕ್ಕಿಂತ ಒಂದು ಗೆರೆ ಕೆಳಗಿದೆಯೋ ಇಲ್ಲವೋ ನೋಡಿಕೊಂಡು ಹೋಗಬಹುದು. ಒಂದು ಡಬ್ಬ ಬಣ್ಣದ ಖರ್ಚು. ಜಾತ್ರೆಗಳ ಕಾಲ ಶುರುವಾಗುವ ಮೊದಲು ಯಾವುದಾದರೂ ಒಂದು ಬಂಕಿನವರು ಇದನ್ನು ಮಾಡಿಸಲಿ.