ಚಾಲನಾ ಪರೀಕ್ಷೆ: ಹಿಮ್ಮುಖ ನಿಲುಗಡೆಯನ್ನು ಅಳೆಯುವ ಬಗೆ

ನೇರ ರಸ್ತೆಯಲ್ಲಿ ಸಲೀಸಾಗಿ ವಾಹನ ಓಡಿಸುವ ಗ್ರಾಮೀಣ ಯುವಜನರೂ ಚಾಲನಾ ಪರೀಕ್ಷೆಯಲ್ಲಿ ವಾಹನವನ್ನು ಹಿಂದಕ್ಕೆ ಸರಿಸಿ ಇಕ್ಕಟ್ಟಾದ ಜಾಗದಲ್ಲಿ ನಿಲ್ಲಿಸುವಾಗ ಎಡವುವುದುಂಟು. ಈ ಕೌಶಲವು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 15ನೇ ನಿಯಮದಂತೆ ಪರೀಕ್ಷೆಯ ಅಂಗವಾಗಿದೆ. ಎಡಕ್ಕಾಗಲಿ ಬಲಕ್ಕಾಗಲಿ ಇರುವ ಕಿರಿದಾದ ತೆರಪಿನೊಳಕ್ಕೆ ವಾಹನವನ್ನು ಹತೋಟಿಯಲ್ಲಿಟ್ಟು, ತಕ್ಕಮಟ್ಟಿನ ನಿಖರತೆಯಿಂದ ಹಿಮ್ಮುಖವಾಗಿ ಒಯ್ಯಬೇಕು. ಇಲ್ಲಿ ವೇಗಕ್ಕೆ ಬೆಲೆಯಿಲ್ಲ, ಹತೋಟಿಗೆ ಬೆಲೆ.

ಸ್ವಯಂಚಾಲಿತ ಪರೀಕ್ಷಾ ಪಥಗಳಿರುವೆಡೆ ಸಂವೇದಕಗಳು ಹಾಗೂ ಕ್ಯಾಮೆರಾಗಳು ವಾಹನದ ಚಲನೆಯನ್ನು ದಾಖಲಿಸುತ್ತವೆ. ಉಳಿದೆಡೆ ಮೋಟಾರು ವಾಹನ ನಿರೀಕ್ಷಕರೇ ಖುದ್ದಾಗಿ ಪರಿಶೀಲಿಸುತ್ತಾರೆ.

ಅನುತ್ತೀರ್ಣರಾದವರು ಎದೆಗುಂದಬೇಕಿಲ್ಲ. ಮೋಟಾರು ವಾಹನ ಅಧಿನಿಯಮ, 1988ರ 9ನೇ ಪ್ರಕರಣದಂತೆ 7 ದಿನಗಳ ನಂತರ ಪುನಃ ಪರೀಕ್ಷೆಗೆ ಹಾಜರಾಗಬಹುದು. ಮೂರು ಬಾರಿಯೂ ಉತ್ತೀರ್ಣರಾಗದಿದ್ದಲ್ಲಿ, ಕೊನೆಯ ಪರೀಕ್ಷೆಯಿಂದ 60 ದಿನ ಕಾಯಬೇಕು. ಕಲಿಕಾ ಲೈಸೆನ್ಸಿನ ಅವಧಿ 6 ತಿಂಗಳಾದ್ದರಿಂದ ಅಭ್ಯಾಸವನ್ನು ಮುಂದೂಡುವುದು ತರವಲ್ಲ. ಲೈಸೆನ್ಸ್ ಉಳ್ಳವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಯಲು ಜಾಗದಲ್ಲಿ ಗೂಟ ನೆಟ್ಟು ಅಭ್ಯಸಿಸುವುದು ಉತ್ತಮ.

ಮಕ್ಕಳೂ ಜಾನುವಾರುಗಳೂ ಓಡಾಡುವ ಹಳ್ಳಿಯ ಓಣಿಗಳಲ್ಲಿ ವಾಹನದ ಹಿಂಬದಿಯನ್ನು ಗಮನಿಸದಿದ್ದರೆ ಜೀವಕ್ಕೇ ಕುತ್ತು. ಮಧ್ಯವರ್ತಿಗೆ ತೆತ್ತ ಹಣದಿಂದ ಈ ಎಚ್ಚರ ಬಾರದು. ಸದಸ್ಯರು ಈ ವಿಷಯವನ್ನು ಗ್ರಾಮ ಸಭೆಗಳಲ್ಲಿ ಯುವಜನರಿಗೆ ಮನದಟ್ಟು ಮಾಡಿಸುವುದು ಅಪೇಕ್ಷಣೀಯ.