ಧ್ವನಿಮುದ್ರಿಕೆಗಳ ಮಾರಾಟಪಟ್ಟಿ: ಎಣಿಕೆಯ ಕ್ರಮವೂ ಅದರ ಪರಿಣಾಮವೂ

ಧ್ವನಿಮುದ್ರಿಕೆಗಳ ಮಾರಾಟವನ್ನು ಅನುಸರಿಸಿ ವಾರವಾರವೂ ಪ್ರಕಟವಾಗುವ ಪಟ್ಟಿಗಳನ್ನು ಜನಾಭಿರುಚಿಯ ಕನ್ನಡಿಯೆಂದು ಭಾವಿಸುವುದು ವಾಡಿಕೆಯಾಗಿದೆ. ಸಂಗೀತದ ಸಾಮಾಜಿಕ ಚರಿತ್ರೆಯನ್ನು ಬರೆಯುವವರು ಇವನ್ನು ಆಧಾರಗಳೆಂದು ಧಾರಾಳವಾಗಿ ಬಳಸುತ್ತಾರೆ. ಆದರೆ ಈ ಕನ್ನಡಿಯನ್ನು ಹಿಡಿದವರು ಯಾರು, ಯಾವ ಕೋನದಲ್ಲಿ ಹಿಡಿದರು ಎಂಬುದನ್ನು ವಿಚಾರಿಸುವವರು ವಿರಳ. ಪಟ್ಟಿಯು ಜನ ಕೊಂಡದ್ದನ್ನು ಹೇಳುತ್ತದೆಯೋ, ಅಂಗಡಿಯವನು ಹೇಳಿದ್ದನ್ನು ಹೇಳುತ್ತದೆಯೋ ಎಂಬ ಪ್ರಶ್ನೆಯನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಬ್ರಿಟನ್ನಿನ ನಿದರ್ಶನದಿಂದ ಆರಂಭಿಸುವುದು ಅನುಕೂಲ. ಅಲ್ಲಿ ಮೊದಲು ಹಾಡೊಂದರ ಜನಪ್ರಿಯತೆಯನ್ನು ಅಳೆಯುತ್ತಿದ್ದುದು ಅದರ ಸ್ವರಲಿಪಿಯ ಹಾಳೆಗಳ ಬಿಕರಿಯಿಂದ. 1952ರಲ್ಲಿ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆಯ ಪರ್ಸಿ ಡಿಕಿನ್ಸ್ ಎಂಬವರು ಸುಮಾರು 20 ಅಂಗಡಿಗಳಿಗೆ ದೂರವಾಣಿಯ ಮೂಲಕ ಕರೆಮಾಡಿ, ಆ ವಾರ ಹೆಚ್ಚು ಮಾರಾಟವಾದ ಮುದ್ರಿಕೆಗಳಾವುವೆಂದು ಕೇಳಿ ಬರೆದುಕೊಂಡರು. ಆ ವರ್ಷದ ನವೆಂಬರ್ 14ರಂದು ಪ್ರಕಟವಾದ ಪಟ್ಟಿಯಲ್ಲಿ 12 ಸ್ಥಾನಗಳಿದ್ದವು. ಕೆಲವು ಸಮಸ್ಥಾನ ಪಡೆದುದರಿಂದ ಮುದ್ರಿಕೆಗಳು ಮಾತ್ರ 15! ಆಲ್ ಮಾರ್ಟಿನೊ ಅವರ ಹಾಡು ಅಗ್ರಸ್ಥಾನದಲ್ಲಿತ್ತು. ಇಡೀ ದೇಶದ ಅಭಿರುಚಿಯೆಂದು ಮುಂದೆ ಗಣ್ಯವಾದ ಪರಂಪರೆಯ ಮೂಲ ಇಷ್ಟು ಅಲ್ಪವಾದದ್ದು.

ಈ ಕ್ರಮದ ಮುಖ್ಯ ದೋಷ ಅಂಗಡಿಗಳ ಸಂಖ್ಯೆ ಕಡಮೆಯಾದದ್ದಷ್ಟೇ ಅಲ್ಲ. ಅಂಗಡಿಯವನಿಂದ ಕೇಳಿದ್ದು ಕ್ರಮವನ್ನೇ ಹೊರತು ಪ್ರಮಾಣವನ್ನಲ್ಲ. ನಗರದ ದೊಡ್ಡ ಅಂಗಡಿಯೊಂದರಲ್ಲಿ ಮೊದಲನೆಯ ಮುದ್ರಿಕೆ 100 ಪ್ರತಿ, ಸಣ್ಣ ಊರಿನ ಅಂಗಡಿಯಲ್ಲಿ ಮೊದಲನೆಯದು 8 ಪ್ರತಿ ಬಿಕರಿಯಾಯಿತೆಂದು ಇಟ್ಟುಕೊಳ್ಳೋಣ. ಕ್ರಮವನ್ನು ಮಾತ್ರ ಕೂಡಿಸಿದರೆ ಇವೆರಡೂ ಸಮಾನವೇ ಆಗುತ್ತವೆ.

ಬಗೆಬಗೆಯ ಪತ್ರಿಕೆಗಳು ಬಗೆಬಗೆಯ ಅಂಗಡಿಗಳನ್ನು ಆರಿಸಿಕೊಂಡಾಗ ಫಲಿತಾಂಶವೂ ಬೇರೆಯಾಗುವುದು ಸಹಜ. 1963ರಲ್ಲಿ ಬೀಟಲ್ಸ್ ತಂಡದ ‘ಪ್ಲೀಸ್ ಪ್ಲೀಸ್ ಮಿ’ ಎಂಬ ಮುದ್ರಿಕೆ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಮತ್ತು ‘ಮೆಲೊಡಿ ಮೇಕರ್’ ಪಟ್ಟಿಗಳಲ್ಲಿ ಮೊದಲ ಸ್ಥಾನಕ್ಕೇರಿತು. ‘ರೆಕಾರ್ಡ್ ರಿಟೇಲರ್’ ಪತ್ರಿಕೆಯ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲೇ ನಿಂತಿತು. ಈ ಮೂರನೆಯದು ಚಿಲ್ಲರೆ ವರ್ತಕರ ಪತ್ರಿಕೆ. ಅದರ ಮಾದರಿಯೂ ಇತರರದಕ್ಕಿಂತ ಚಿಕ್ಕದು. ಹಾಗಿದ್ದರೂ 1960ರ ಮಾರ್ಚ್‌ನಿಂದೀಚಿನ ಅಧಿಕೃತ ಚರಿತ್ರೆಗೆ ಅದನ್ನೇ ಪ್ರಮಾಣವೆಂದು ಅನಂತರ ಅಂಗೀಕರಿಸಿದ್ದರಿಂದ, ಆ ಹಾಡು ಇಂದಿಗೂ ಅಗ್ರಸ್ಥಾನ ಪಡೆದ ಹಾಡುಗಳ ಸಾಲಿನಲ್ಲಿಲ್ಲ. ಕೊಂಡವರು ಅವರೇ, ಹಾಡೂ ಅದೇ. ಚರಿತ್ರೆ ಮಾತ್ರ ಬೇರೆಯಾಯಿತು. ಪಟ್ಟಿಗಳನ್ನು ಆಧರಿಸಿ ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಈ ಒಂದು ಸಂಗತಿಯನ್ನಾದರೂ ಮರೆಯಬಾರದೆಂದು ನಮ್ಮ ಅಭಿಪ್ರಾಯ.

1969ರಲ್ಲಿ ಬ್ರಿಟಿಷ್ ಮಾರ್ಕೆಟ್ ರಿಸರ್ಚ್ ಬ್ಯೂರೋ ಈ ಕಾರ್ಯವನ್ನು ವಹಿಸಿಕೊಂಡು, ಸುಮಾರು 300 ಅಂಗಡಿಗಳಲ್ಲಿ ಪ್ರತಿಯೊಂದು ಮಾರಾಟವನ್ನೂ ದಿನಚರಿ ಪುಸ್ತಕದಲ್ಲಿ ಗುರುತುಹಾಕಿಸಿ ಅಂಚೆಯಲ್ಲಿ ತರಿಸಿಕೊಳ್ಳುವ ಏರ್ಪಾಡನ್ನು ಮಾಡಿತು. ಕ್ರಮದ ಬದಲು ಪ್ರಮಾಣ ಬಂದದ್ದು ನಿಜವಾದ ಪ್ರಗತಿಯೇ ಸರಿ. ಆದರೆ 1971ರಲ್ಲಿ ಅಂಚೆ ನೌಕರರು ಮುಷ್ಕರ ಹೂಡಿದಾಗ ದಿನಚರಿಗಳು ಬಾರದೆ ವ್ಯವಸ್ಥೆಯೇ ಏರುಪೇರಾಯಿತು. ಇದಕ್ಕಿಂತ ಗಂಭೀರವಾದ ತೊಡಕು ಮತ್ತೊಂದಿತ್ತು. ವರದಿ ಕಳುಹಿಸುವ ಅಂಗಡಿಗಳಾವುವೆಂಬುದು ಗುಟ್ಟಾಗಿ ಉಳಿಯಲಿಲ್ಲ. ಆ ಅಂಗಡಿಗಳಿಗೇ ಆಳುಗಳನ್ನು ಕಳುಹಿಸಿ ತಮ್ಮ ಮುದ್ರಿಕೆಗಳನ್ನು ತಾವೇ ಕೊಳ್ಳುವ ಉಪಾಯವನ್ನು ಕೆಲವರು ಹೂಡಿದರು. ಇದರಲ್ಲಿ ಲಾಭವೇನೆಂದು ಕೇಳಬಹುದು. ಪಟ್ಟಿಯಲ್ಲಿ ಕಾಣಿಸಿಕೊಂಡ ಹಾಡನ್ನು ರೇಡಿಯೋ ಪ್ರಸಾರಮಾಡುತ್ತದೆ, ವರ್ತಕನು ಹೆಚ್ಚಾಗಿ ದಾಸ್ತಾನು ಮಾಡುತ್ತಾನೆ, ಗಿರಾಕಿಯ ಕಣ್ಣಿಗೆ ಅದೇ ಮೊದಲು ಬೀಳುತ್ತದೆ. ಹೀಗೆ ಮಾರಾಟವನ್ನು ವರದಿಮಾಡಬೇಕಾದ ಪಟ್ಟಿಯೇ ಮಾರಾಟದ ಕಾರಣವೂ ಆಗುತ್ತದೆ. 1983ರಲ್ಲಿ ಗ್ಯಾಲಪ್ ಸಂಸ್ಥೆ ದಿನಚರಿಯ ಬದಲು ವಿದ್ಯುನ್ಮಾನ ಯಂತ್ರಗಳನ್ನು ಅಂಗಡಿಗಳಲ್ಲಿ ಇರಿಸಲು ತೊಡಗಿತು.

ಎಣಿಕೆಯ ವಿಧಾನ ಬದಲಾದರೆ ಅಭಿರುಚಿಯೇ ಬದಲಾದಂತೆ ತೋರುವುದಕ್ಕೆ ಅಮೆರಿಕದಲ್ಲಿ ಸ್ಪಷ್ಟವಾದ ಸಾಕ್ಷ್ಯ ದೊರೆಯುತ್ತದೆ. ಅಲ್ಲಿನ ‘ಬಿಲ್‌ಬೋರ್ಡ್’ ಪತ್ರಿಕೆ ದೀರ್ಘಕಾಲ ಅಂಗಡಿಯವರ ಹೇಳಿಕೆಯನ್ನೇ ನಂಬಿತ್ತು. 1991ರ ಮೇ 25ರ ಸಂಚಿಕೆಯಿಂದ ಅದರ ಆಲ್ಬಮ್ ಪಟ್ಟಿಯು ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆಯನ್ನು ಅವಲಂಬಿಸಿತು; ಮಾರಾಟದ ಕಟ್ಟೆಯಲ್ಲಿ ಬಾರ್‌ಕೋಡನ್ನು ಓದಿದ ಯಂತ್ರವೇ ಈಗ ಲೆಕ್ಕ ಒಪ್ಪಿಸತೊಡಗಿತು. ಮರುತಿಂಗಳೇ ಎನ್.ಡಬ್ಲ್ಯು.ಎ. ಎಂಬ ರ‍್ಯಾಪ್ ತಂಡದ ಆಲ್ಬಮ್ ಮೊದಲ ವಾರದಲ್ಲಿ ಎರಡನೆಯ ಸ್ಥಾನಕ್ಕೆ ಬಂದು ಮರುವಾರ ಅಗ್ರಸ್ಥಾನಕ್ಕೇರಿತು. ಸೆಪ್ಟೆಂಬರ್‌ನಲ್ಲಿ ಗ್ರಾಮೀಣ ಮೂಲದ ಕಂಟ್ರಿ ಸಂಗೀತದ ಗಾಯಕ ಗಾರ್ತ್ ಬ್ರೂಕ್ಸ್ ಅವರ ಆಲ್ಬಮ್ ನೇರವಾಗಿ ಮೊದಲ ಸ್ಥಾನದಲ್ಲೇ ಪ್ರವೇಶಿಸಿತು. ಈ ಸಂಗೀತವನ್ನು ಕೊಳ್ಳುವವರು ಆ ವರ್ಷವೇ ಹುಟ್ಟಿದವರಲ್ಲ. ಮೊದಲೂ ಇದ್ದರು, ವರದಿ ಕೊಡುತ್ತಿದ್ದ ಗುಮಾಸ್ತರ ಅಂದಾಜಿನಲ್ಲಿ ಅವರಿಗೆ ತಕ್ಕ ತೂಕ ದೊರೆತಿರಲಿಲ್ಲವೆಂದೇ ನಾವು ಊಹಿಸುತ್ತೇವೆ.

ಇನ್ನು ಒಂದೇ ಒಡೆತನಕ್ಕೆ ಸೇರಿದ ಅಂಗಡಿಗಳ ಸರಣಿಗಳು ತಾವೇ ಪ್ರಕಟಿಸುವ ಪಟ್ಟಿಗಳ ವಿಚಾರ. ಇಲ್ಲಿ ಮಾದರಿಯ ಪ್ರಶ್ನೆ ಏಳುವುದಿಲ್ಲ. ತನ್ನ ಎಲ್ಲ ಶಾಖೆಗಳ ಮಾರಾಟವೂ ಸರಣಿಗೆ ಗೊತ್ತು. ಆದರೆ ಅದು ತನ್ನ ಗಿರಾಕಿಗಳ ಚರಿತ್ರೆಯೇ ಹೊರತು ದೇಶದ್ದಲ್ಲ. ಇದಕ್ಕೆ ತೈವಾನಿನ ಜಿ-ಮ್ಯೂಸಿಕ್ ಪಟ್ಟಿಯನ್ನು ಉದಾಹರಿಸಬಹುದು. ರೋಸ್ ಮತ್ತು ಟಾಚಂಗ್ ಎಂಬ ಸರಣಿಗಳ ಮಾರಾಟವನ್ನು ಆಧರಿಸಿ 2005ರಲ್ಲಿ ಆರಂಭವಾದ ಈ ಪಟ್ಟಿ, ಪ್ರತಿಗಳ ಸಂಖ್ಯೆಯ ಬದಲು ಒಟ್ಟು ಮಾರಾಟದಲ್ಲಿ ಪ್ರತಿಯೊಂದು ಆಲ್ಬಮ್ಮಿನ ಶೇಕಡಾ ಪಾಲನ್ನು ಕೊಡುತ್ತಿತ್ತು. ಪಾಲು ಮಾತ್ರ ತಿಳಿದು ಮೊತ್ತ ತಿಳಿಯದಿದ್ದರೆ ಎರಡು ವರ್ಷಗಳನ್ನು ಹೋಲಿಸುವಂತಿಲ್ಲ. ಶೇಕಡಾ 10 ಎಂಬುದು 10,000ದಲ್ಲಿ ಸಾವಿರ, 500ರಲ್ಲಿ ಕೇವಲ ಐವತ್ತು. ಮುದ್ರಿಕೆಗಳ ವ್ಯಾಪಾರವೇ ಕುಗ್ಗುತ್ತಿದ್ದ ಕಾಲದಲ್ಲಿ ಇಂಥ ಪಟ್ಟಿಯು ಕುಗ್ಗುವಿಕೆಯನ್ನು ಓದುಗರಿಗೆ ಕಾಣಗೊಡುವುದಿಲ್ಲ.

ನಮ್ಮ ದೇಶದಲ್ಲಿ ಈ ಸ್ಥಾನವನ್ನು ಬಹುಕಾಲ ತುಂಬಿದುದು ಪತ್ರಿಕೆಯಲ್ಲ, ರೇಡಿಯೋ. 1952ರಲ್ಲಿ ರೇಡಿಯೋ ಸಿಲೋನ್‌ನಿಂದ ಅಮೀನ್ ಸಯಾನಿ ಅವರು ನಡೆಸತೊಡಗಿದ ‘ಬಿನಾಕಾ ಗೀತಮಾಲಾ’ದಲ್ಲಿ ಹಿಂದಿ ಚಲನಚಿತ್ರಗೀತೆಗಳ ಶ್ರೇಣಿಯನ್ನು ನಿರ್ಣಯಿಸುವಾಗ ಅಂಗಡಿಗಳ ಮಾರಾಟದ ವರದಿಯ ಜೊತೆಗೆ ಶ್ರೋತೃಸಂಘಗಳ ಅಭಿಪ್ರಾಯವನ್ನೂ ಗಣಿಸುತ್ತಿದ್ದರು. ಗ್ರಾಮಫೋನನ್ನು ಕೊಳ್ಳಲಾರದೆ ಹಾಡನ್ನು ಕೇಳುವವರೇ ಅಧಿಕವಾಗಿದ್ದ ದೇಶಕ್ಕೆ ಈ ಕ್ರಮ ಉಚಿತವಾದದ್ದೆಂದು ನಮಗೆ ತೋರುತ್ತದೆ.

ಅಂಗಡಿಗಳ ಯುಗ ಬಹುಮಟ್ಟಿಗೆ ಮುಗಿದಿದೆ. ಟವರ್ ರೆಕಾರ್ಡ್ಸ್ ಸರಣಿ ಅಮೆರಿಕದಲ್ಲಿ 2006ರಲ್ಲಿ ಬಾಗಿಲು ಹಾಕಿತು. ಜಪಾನಿನಲ್ಲಿ ಬೇರೆ ಒಡೆತನದಲ್ಲಿ ಉಳಿದಿದೆ. ಆದರೆ ಎಣಿಕೆಯ ತೊಡಕು ಅಂಗಡಿಗಳೊಡನೆ ಮುಗಿದಿಲ್ಲ. ಅಂತರಜಾಲದಲ್ಲಿ ಹಾಡನ್ನು ಕೇಳುವುದನ್ನೂ 2014ರ ಜುಲೈನಲ್ಲಿ ಬ್ರಿಟನ್ನಿನ ಅಧಿಕೃತ ಪಟ್ಟಿಗೆ ಸೇರಿಸಿದಾಗ, 100 ಸಲ ಕೇಳಿದ್ದನ್ನು ಒಂದು ಮಾರಾಟಕ್ಕೆ ಸಮವೆಂದು ಎಣಿಸಲಾಯಿತು. 2017ರಲ್ಲಿ ಆ 100 ಎಂಬುದು 150 ಆಯಿತು.